ಮಳೆಗಾಲದಲ್ಲೂ ಗುರಿ ಕದಲದ ತ್ರೀ-ನಾಟ್-ತ್ರೀ: ಮರದ ಕೆಲಸ, ನನ್ನ ಅನುಭವ

ಸಕಲೇಶಪುರ, ಮೂಡಿಗೆರೆ ಕಡೆ ಹಳೆ ಲೈಸೆನ್ಸಿನ ಎಸ್‌ಎಂಎಲ್‌ಇ (ಬ್ರಿಟಿಷ್ ಕಾಲದ .303 ಲೀ-ಎನ್‌ಫೀಲ್ಡ್ ರೈಫಲ್) ಇಟ್ಟುಕೊಂಡವರದ್ದೆಲ್ಲ ಒಂದೇ ದೂರು: ಬೇಸಿಗೆಯಲ್ಲಿ ಸರಿ, ಮಳೆ ಹಿಡಿದರೆ ಗುಂಡು ಎತ್ತಲೋ. ‘ಬ್ಯಾರಲ್ ಸವೆದಿದೆ’ ಎಂಬುದೇ ಎಲ್ಲರ ತೀರ್ಪು. ಸವೆದ ಬ್ಯಾರಲ್ ಬೇಸಿಗೆಯಲ್ಲೂ ಚೆದುರಿಸಬೇಕಲ್ಲ? ಕೆಡುವುದು ಮರ. ಹಾಗೆಂದಾಗ ನಂಬಿದವರು ಕಡಿಮೆ. ಈಗ ರೇಂಜಿನಲ್ಲಿ ನೂರು ಗಜಕ್ಕೆ ಏಳೆಂಟು ಇಂಚು ಹರಡುತ್ತಿದ್ದ ಗುಂಡುಗಳ ಗುಂಪು ಜುಲೈನಲ್ಲೂ ಮೂರು ಇಂಚಿನ ಆಚೀಚೆ ನಿಂತಿದೆ. ಬ್ಯಾರಲ್ ಹಳೆಯದೇ.

1903ರ ಹೊತ್ತಿಗೆ ಕುದುರೆಪಡೆಗೂ ಕಾಲಾಳಿಗೂ ಒಂದೇ ಉದ್ದದ ರೈಫಲ್ ಮಾಡಿದಾಗ ಸುಮಾರು 25 ಇಂಚಿನ ಬ್ಯಾರಲ್ಲಿಗೆ ಮೂತಿಯವರೆಗೂ ಮರ ಹೊದಿಸಿದರು. 1907ರ ಮಾರ್ಕ್ 3ರಲ್ಲೂ ಅದೇ ವಿನ್ಯಾಸ. ಮರ ಒಂದು ಕೂದಲೆಳೆ ಉಬ್ಬಿ ಬ್ಯಾರಲ್ಲಿಗೆ ತಾಗಿದರೂ ಗುರಿ ಬದಲು. ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯವರು ಮರ ಸೀಳದಂತೆ ಫೋರ್‌ಎಂಡಿಗೆ (ಬ್ಯಾರಲ್ ಕೆಳಗಿನ ಮುಂದಿನ ಮರ) ಅಡ್ಡ ಸ್ಕ್ರೂ ಹಾಕಿದ್ದು ಸುಮ್ಮನೆ ಅಲ್ಲ.

ಬಿಚ್ಚುವಾಗ ಮೊದಲು ಫೋರ್‌ಎಂಡ್, ಆಮೇಲೆ ಬಟ್, ಅಂದರೆ ಹೆಗಲಿಗೆ ಆನಿಸುವ ಹಿಂದಿನ ಮರ. ಬಟ್ ಬೋಲ್ಟಿನ ಚೌಕ ತುದಿ ಫೋರ್‌ಎಂಡಿನ ಹಿಂದಿನ ತಗಡಿನಲ್ಲಿ ಕೂತಿರುತ್ತದೆ. ಫೋರ್‌ಎಂಡ್ ಇರುವಾಗಲೇ ಬೋಲ್ಟ್ ತಿರುಗಿಸಿದರೆ ಮರ ಅಲ್ಲೇ ಬಿರುಕು. ನಮ್ಮ ಕಡೆ ನೋಡಿದ ಒಡಕುಗಳಲ್ಲಿ ಅರ್ಧಕ್ಕರ್ಧ ಇದರಿಂದಲೇ.

ನಿಜವಾದ ರೋಗ ಇರುವುದು ಟ್ರಿಗರಿನ ಮೇಲ್ಭಾಗಕ್ಕೆ, ಫೋರ್‌ಎಂಡಿನ ಹಿಂಭಾಗದ ಎರಡು ಆನಿಕೆಗಳಲ್ಲಿ, ಆರ್ಮರರ್‌ಗಳು (ಬಂದೂಕು ರಿಪೇರಿಯವರು) ಇವಕ್ಕೆ ‘ಡ್ರಾಸ್’ ಅನ್ನುತ್ತಾರೆ. ಹಿಂದೊದೆತವನ್ನೆಲ್ಲ ತಾಳುವುದು ಅವೇ. ರೈಫಲನ್ನು ಮೂತಿ ಮೇಲೆ ಮಾಡಿ ಒರಗಿಸಿಟ್ಟರೆ ಎಣ್ಣೆಯೆಲ್ಲ ಇಳಿದು ಅಲ್ಲಿ ನಿಂತು ಮರ ಹತ್ತಿಯಂತೆ ಮೆತ್ತಗಾಗುತ್ತದೆ. ಎಲ್ಲರೂ ಮಾಡುವುದು ಎಪಾಕ್ಸಿ ತುಂಬುವುದು. ಎರಡು ಸಾವಿರದಷ್ಟು ಅದಕ್ಕೇ ಹೋಯಿತು. ಎಣ್ಣೆ ಕುಡಿದ ಮರಕ್ಕೆ ಅದು ಹಿಡಿಯುವುದಿಲ್ಲ, ಹತ್ತಿಪ್ಪತ್ತು ಗುಂಡಿಗೆ ಇಡಿಯಾಗಿ ಕಳಚಿ ಕೈಗೆ ಬರುತ್ತದೆ. ಹೊಸ ಫೋರ್‌ಎಂಡ್ ಅಂತ ಒಬ್ಬರು ಒಂಬತ್ತು ಸಾವಿರಕ್ಕೆ ಕೊಟ್ಟದ್ದು ಹಸಿಮರ, ಒಂದೇ ಮಳೆಗೆ ತಿರುಚಿತು.

ಕೆಲಸ ಕೊಟ್ಟದ್ದು ಇದು. ಮೆತ್ತಗಾದ ಮರವನ್ನು ಗಟ್ಟಿ ಮರ ಸಿಗುವವರೆಗೆ ಚೌಕವಾಗಿ ಉಳಿಯಿಂದ ತೆಗೆಯಬೇಕು. ಎಣ್ಣೆ ಹೀರಲು ಸೀಮೆಸುಣ್ಣದ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಮೆತ್ತಿ, ಒಣಗಿದ ಮೇಲೆ ಕೆರೆಯಬೇಕು. ಪುಡಿ ಬೆಳ್ಳಗೇ ಉಳಿಯುವವರೆಗೂ ಮತ್ತೆ ಮತ್ತೆ. ಇಲ್ಲಿ ಆತುರಪಟ್ಟರೆ ಮುಂದಿನದ್ದೆಲ್ಲ ದಂಡ. ಆಮೇಲೆ ಒಲೆಯ ಮೇಲಿನ ಅಟ್ಟದಲ್ಲಿ ವರ್ಷಗಟ್ಟಲೆ ಒಣಗಿದ ಹೊನ್ನೆ ತುಂಡನ್ನು ಅಂಟಿಸಿ ಕೂರಿಸುವುದು. ನಾರಿನ ಕಡಿದ ತುದಿಯೇ ಕಬ್ಬಿಣಕ್ಕೆ ಆನಬೇಕು, ಅಡ್ಡ ನಾರು ಕುಗ್ಗುತ್ತದೆ. ಕಬ್ಬಿಣಕ್ಕೆ ದೀಪದ ಮಸಿ ತೆಳ್ಳಗೆ ಸವರಿ ಕೂರಿಸಿ, ಎರಡೂ ಕಡೆ ಸಮವಾಗಿ ಕಪ್ಪು ಹತ್ತುವವರೆಗೂ ಕೆರೆಯುತ್ತಿರಿ. ಒಂದು ಕಡೆ ಮಾತ್ರ ಆನಿದರೆ ಗುಂಡು ಪಕ್ಕಕ್ಕೆ ಸರಿಯುತ್ತದೆ. ಕೊನೆಯ ಒಂದೆರಡು ಮಿಲಿಮೀಟರ್ ಮರದ ಸುತ್ತಿಗೆಯಿಂದ ಹಗುರವಾಗಿ ತಟ್ಟಿದರೆ ಮಾತ್ರ ಕೂರಬೇಕು. ಮರದ ಹಿಂತುದಿ ಬಟ್ ಸಾಕೆಟ್ಟಿಗೆ (ಬಟ್ ಕೂರುವ ಕಬ್ಬಿಣದ ಗೂಡು) ತಾಗಕೂಡದು, ದಪ್ಪ ಕಾಗದ ನುಸುಳುವಷ್ಟು ಸಂದು ಬಿಡಿ.

ಟ್ರಿಗರ್ ಗಾರ್ಡಿನ ಮುಂದಿನ ಸ್ಕ್ರೂವಿನ ಬುಷ್ (ಸ್ಕ್ರೂ ಸುತ್ತಲಿನ ಲೋಹದ ಕೊಳವೆ) ಮರೆಯಬೇಡಿ. ಮರ ಕುಗ್ಗಿದ್ದರೆ ಸ್ಕ್ರೂ ಬುಷ್ಷನ್ನು ಬಿಗಿಯುತ್ತದೆ, ಮರ ಸಡಿಲವೇ ಉಳಿಯುತ್ತದೆ. ಬುಷ್ಷನ್ನು ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಬೇಕು. ಮೂತಿಯ ಬಳಿ ಬ್ಯಾರಲ್ಲನ್ನು ಮೇಲಕ್ಕೆ ತಳ್ಳುವ ಸ್ಪ್ರಿಂಗ್ ಸ್ಟಡ್ ಬೆರಳಿನಿಂದ ಒತ್ತಿದರೆ ಒಳಸರಿದು ಮರಳಬೇಕು. ನಮ್ಮ ತೇವಕ್ಕೆ ಸಾಮಾನ್ಯವಾಗಿ ತುಕ್ಕು ಹಿಡಿದು ಕಚ್ಚಿರುತ್ತದೆ.

ಮೇಲ್ಮೈಗೆ ಅಗಸೆ ಎಣ್ಣೆ. ಹಸಿ ಎಣ್ಣೆ ಮಳೆಗಾಲದಲ್ಲಿ ವಾರಗಟ್ಟಲೆ ಅಂಟಂಟು, ಹಾಗಾಗಿ ಫೆಬ್ರವರಿ-ಮಾರ್ಚಿನಲ್ಲೇ ಹಚ್ಚಿ ಮುಗಿಸಬೇಕು. ಬ್ಯಾರಲ್ ಕೂರುವ ಒಳತೋಡಿಗೂ ಬೇಕು. ಅಲ್ಲಿ ಬಿಡುವುದರಿಂದಲೇ ನೀರು ಕುಡಿಯುವುದು. ಅದರ ಮೇಲಿನ ಜೇನುಮೇಣದ ಪಾಕದ ಅಳತೆ ಮಾತ್ರ ಇಲ್ಲಿ ಬರೆಯುವುದಿಲ್ಲ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ, ಹರಡಿ ಒಣಗಿಸಿ. ಹೊನ್ನೆ ಬದಲು ಬೀಟೆ, ಹಲಸು ಎರಡನ್ನೂ ಹಾಕಿ ನೋಡಿದ್ದಾಯಿತು. ಬೀಟೆ ಚೆನ್ನಾಗಿ ನಿಂತಿತು, ಆದರೆ ಅದರ ಎಣ್ಣೆಗುಣಕ್ಕೆ ಅಂಟು ಬಲವಾಗಿ ಹಿಡಿಯಲಿಲ್ಲ. ಹಲಸು ಆನಿಕೆಗೆ ಮೆತ್ತಗಾಯಿತು.

ಈ ಕೊನೆಯ ವಿಧಾನಕ್ಕೆ ಒಟ್ಟು ಸಾಮಾನಿನ ಖರ್ಚು ಸಾವಿರದ ಎಂಟುನೂರರ ಹತ್ತಿರ ಆಯಿತು. ಇಶಾಪುರದ .315 ಸ್ಪೋರ್ಟಿಂಗ್ ರೈಫಲ್ಲಿಗೂ ಲೀ ಆಕ್ಷನ್ನೇ (ಗುಂಡು ತುಂಬಿ ಹಾರಿಸುವ ಯಂತ್ರಭಾಗ), ಮರ ಮಾತ್ರ ಅರ್ಧ. ಅದಕ್ಕೆ ಮೂತಿಯ ಕೆಲಸ ಇಲ್ಲ, ಹಿಂದಿನ ಆನಿಕೆ ನೋಡಿದರೆ ಸಾಕು.