ಆದೇಶ ಕೈಗೆ ಬಂತು, ದುಡ್ಡು ಬಂದಿಲ್ಲ: ಜೀವನಾಂಶದ ಬಾಕಿ ವಸೂಲಿ ಮಾಡೋದು ಹೇಗೆ?

ಮುಂಬೈಯ ಒಂದು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತಳಾದವಳು ನಾನು. ಕೋರ್ಟಿನ ಜಪ್ತಿ ಆದೇಶಗಳೆಲ್ಲ ನನ್ನ ಟೇಬಲ್ಲಿಗೇ ಬರುತ್ತಿದ್ದವು. ಈಗ ಮುಲುಂಡ್, ಮಾಟುಂಗಾ ಕಡೆಯ ನಮ್ಮ ಕನ್ನಡದ ಹೆಣ್ಣುಮಕ್ಕಳು ಫೋನ್ ಮಾಡುತ್ತಾರೆ: "ಅಕ್ಕಾ, ಬಾಂದ್ರಾ ಕೋರ್ಟಲ್ಲಿ ಜೀವನಾಂಶದ ಆದೇಶ ಆಗಿದೆ, ಗಂಡ ಒಂದು ಪೈಸೆ ಹಾಕ್ತಿಲ್ಲ." ನಾನು ಮೊದಲು ಕೇಳುವುದು ಒಂದೇ. ಅವನ ದುಡ್ಡು ಎಲ್ಲಿದೆ ಅಂತ ಗೊತ್ತಾ? ಕೋರ್ಟು ತಾನಾಗಿ ಹೋಗಿ ಅವನ ಖಾತೆ ಹುಡುಕುವುದಿಲ್ಲ. ಆ ಕೆಲಸ ನಮ್ಮದೇ.

ಆದೇಶದ ಸರ್ಟಿಫೈಡ್ ಕಾಪಿ ತೆಗೆಸಿ, ಜೆರಾಕ್ಸ್ ನಂಬಿ ಕೂರಬೇಡಿ. ಯಾವ ಕಾಯ್ದೆಯ ಯಾವ ಕಲಮಿನಡಿ ಆದೇಶ ಆಗಿದೆ ನೋಡಿ. ಹಿಂದೂ ವಿವಾಹ ಕಾಯ್ದೆಯ 25ನೇ ಕಲಂ ಆದರೆ ಸಿವಿಲ್ ಡಿಕ್ರಿಯ (ಸಿವಿಲ್ ಕೋರ್ಟಿನ ತೀರ್ಪಿನ ಆದೇಶ) ಹಾಗೆ ಅಮಲ್ಜಾರಿ, ಅಂದರೆ ಜಾರಿ ಮಾಡಿಸುವ ಅರ್ಜಿ ಹಾಕಬೇಕು. ಇಲ್ಲಿಯ ಕೋರ್ಟಿನಲ್ಲಿ ಅದಕ್ಕೆ ದರಖಾಸ್ತ್ ಅನ್ನುತ್ತಾರೆ. ಹಳೆಯ ಸಿಆರ್‌ಪಿಸಿಯ 125, ಅಂದರೆ 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾಯ್ದೆ ಬಿಎನ್‌ಎಸ್‌ಎಸ್‌ನ 144 ಆದರೆ ವಾರಂಟಿಗೆ, ಅಂದರೆ ಬಾಕಿ ವಸೂಲಿಯ ಕೋರ್ಟ್ ಆಜ್ಞೆಗೆ, ಅರ್ಜಿ. ಇದಕ್ಕೊಂದು ಗಡುವಿದೆ. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. "ಪಾಪ, ಮುಂದಿನ ತಿಂಗಳು ಕೊಡ್ತಾನಂತೆ" ಅಂತ ಕಾಯುತ್ತಾ ಕೂತರೆ ಹಳೆಯ ತಿಂಗಳುಗಳು ಒಂದೊಂದಾಗಿ ಈ ದಾರಿಯಿಂದ ತಪ್ಪಿಹೋಗುತ್ತವೆ. ಡಿಕ್ರಿಯ ಅಮಲ್ಜಾರಿಗೆ 12 ವರ್ಷ ಇದೆ. ಆದರೂ ಕಾಯಬೇಡಿ, ಅಷ್ಟರಲ್ಲಿ ಖಾತೆ ಖಾಲಿ ಆಗಿರುತ್ತದೆ.

ಆಮೇಲೆ ಒಂದು ಹಾಳೆಯಲ್ಲಿ ಲೆಕ್ಕ ಬರೆಯಿರಿ. ಯಾವ ತಿಂಗಳು, ಎಷ್ಟು ಬರಬೇಕಿತ್ತು, ಎಷ್ಟು ಬಂತು, ಎಷ್ಟು ಬಾಕಿ. ಪಕ್ಕದಲ್ಲಿ ಪಾಸ್‌ಬುಕ್ಕಿನ ಎಂಟ್ರಿ. ಕೈಯಲ್ಲಿ ನಗದು ಕೊಟ್ಟಿದ್ದರೆ ಅದನ್ನೂ ಬರೆಯಿರಿ, ಮುಚ್ಚಿಡಬೇಡಿ. ಅವನ ವಕೀಲ ಅದೊಂದನ್ನೇ ಹಿಡಿದು ಎಳೆದಾಡುತ್ತಾನೆ.

ಈಗ ನನ್ನ ಕ್ಷೇತ್ರಕ್ಕೆ ಬರೋಣ. 2020ರ ನವೆಂಬರಿನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು: ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಬೇಕು. ಅವನು ಕೊಟ್ಟ ಅಫಿಡವಿಟ್ಟಿನ ಕಾಪಿ ತೆಗೆದಿಡಿ. ಖಾತೆ, ಎಫ್‌ಡಿ, ಕಂಪನಿ ಹೆಸರು ಅಲ್ಲೇ ಇರುತ್ತವೆ. ಇಲ್ಲದಿದ್ದರೆ ಹಳೆಯ ಚೆಕ್ಕು, ನಿಮ್ಮ ಸ್ಟೇಟ್‌ಮೆಂಟಿನ ಎನ್‌ಇಎಫ್‌ಟಿ ಎಂಟ್ರಿ, ಹಿಂದೆ ಜಂಟಿಯಾಗಿ ತೆಗೆದ ಸಾಲದ ಕಾಗದ ಹುಡುಕಿ.

ನಮ್ಮವರ ಹೆಸರಿನ ತಾಪತ್ರಯವೇ ಬೇರೆ. ಊರಲ್ಲಿ ತೆರೆದ ಖಾತೆಯಲ್ಲಿ ಕೆ. ಎಸ್. ರಮೇಶ ಅಂತಿರುತ್ತದೆ. ಇಲ್ಲಿಯ ಕೋರ್ಟಿನ ಕಾಗದದಲ್ಲಿ ಅವನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಮೂರೂ ಬಿಡಿಸಿ ಬರೆದಿರುತ್ತಾರೆ. ಬ್ಯಾಂಕಿನ ಹುಡುಗ ಕಂಪ್ಯೂಟರಿನಲ್ಲಿ ಹುಡುಕುತ್ತಾನೆ, ಸಿಗುವುದಿಲ್ಲ. "ಈ ಹೆಸರಿನ ಖಾತೆ ಇಲ್ಲ" ಅಂತ ಬರೆದು ವಾಪಸ್ ಕಳಿಸುತ್ತಾನೆ. ಒಂದು ತಾರೀಖು ಸುಮ್ನೆ ಹೋಯಿತು. ಅದಕ್ಕೇ ಅರ್ಜಿಯಲ್ಲಿ ಎರಡೂ ಹೆಸರು ಹಾಕಿಸಿ, ಜೊತೆಗೆ ಖಾತೆ ನಂಬರು, ಶಾಖೆ, ಸಿಕ್ಕರೆ ಪ್ಯಾನ್. ಜಪ್ತಿ ಆದೇಶ ಬ್ಯಾಂಕಿಗೆ ಬಂದ ದಿನ ಖಾತೆಯಲ್ಲಿ ಎಷ್ಟಿದೆಯೋ ಅದನ್ನು ಮಾತ್ರ ಬ್ಯಾಂಕು ತಡೆಹಿಡಿಯಬಹುದು. 200 ರೂಪಾಯಿ ಇದ್ದರೆ 200. ಸಂಬಳ ಬಂದ ಮರುದಿನವೇ ದುಡ್ಡು ಬೇರೆ ಕಡೆ ಸಾಗಿಸುವವರನ್ನು ನಾನು ಎಷ್ಟೋ ನೋಡಿದ್ದೇನೆ. ಹಾಗಾಗಿ ಉಳಿತಾಯ ಖಾತೆಗಿಂತ ಎಫ್‌ಡಿ ಮೇಲೆ ಕಣ್ಣಿಡಿ.

ಅದಕ್ಕಿಂತ ಗಟ್ಟಿ ದಾರಿ ಸಂಬಳದ ಜಪ್ತಿ. ಸಿವಿಲ್ ಪ್ರೊಸೀಜರ್ ಕೋಡ್‌ನ 60ನೇ ಕಲಂ ಪ್ರಕಾರ ಜೀವನಾಂಶದ ಡಿಕ್ರಿ ಆದರೆ ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ಷಣೆ. ಉಳಿದ ಎರಡು ಭಾಗ ಹಿಡಿಯಬಹುದು. ಆದೇಶ ಕಂಪನಿಗೇ ಹೋಗುತ್ತದೆ. ಆದೇಶ ಮೀರಿ ಅವನಿಗೆ ಸಂಬಳ ಕೊಟ್ಟರೆ ಕಂಪನಿಯೇ ಹೊಣೆ. ಎಚ್‌ಆರ್‌ನವರು ಹೆದರುವುದು ಇದಕ್ಕೇ.

ವಾರಂಟ್ ಹೊರಟರೂ ಕೊಡದಿದ್ದರೆ ಒಂದು ತಿಂಗಳವರೆಗೆ ಜೈಲಿಗೆ ಹಾಕಬಹುದು. ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತು ಅಂತ ಕೆಲವರು ಹೇಳುತ್ತಾರೆ. ಸುಳ್ಳು. ಅದು ತೀರುವುದಿಲ್ಲ ಅಂತ 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಅವನು ಬೆಂಗಳೂರಿಗೋ ಮಂಗಳೂರಿಗೋ ಹೋಗಿದ್ದರೆ ಬಾಂದ್ರಾದಲ್ಲೇ ಕೂರಬೇಡಿ. 125 ಅಥವಾ 144ರ ಆದೇಶವನ್ನು ಅವನಿರುವ ಊರಿನಲ್ಲೂ ಜಾರಿ ಮಾಡಿಸಬಹುದು. ಸಿವಿಲ್ ಡಿಕ್ರಿಯಾದರೆ ಅಲ್ಲಿಯ ಕೋರ್ಟಿಗೆ ವರ್ಗ ಮಾಡಿಸಬೇಕು. ವಕೀಲರ ಫೀಸಿಗೆ ದುಡ್ಡಿಲ್ಲವಾ? ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿ.

ಮಗುವಿನ ವಿಷಯ ಇದಕ್ಕೆ ತಳಕು ಹಾಕಬೇಡಿ. ದುಡ್ಡು ಕೊಟ್ಟಿಲ್ಲ ಅಂತ ಅಪ್ಪ-ಮಗುವಿನ ಶನಿವಾರದ ಭೇಟಿ ತಪ್ಪಿಸಿದರೆ ಕೋರ್ಟಿನಲ್ಲಿ ನೀವೇ ಆರೋಪಿ ಸ್ಥಾನದಲ್ಲಿ ನಿಲ್ಲುತ್ತೀರಿ.

ಇನ್ನೊಂದು. ತಾರೀಖಿನ ದಿನ ಅವನು ಅರ್ಧ ದುಡ್ಡು ಹಿಡಿದುಕೊಂಡು ಬರುವುದು ಮಾಮೂಲು. ತೆಗೆದುಕೊಳ್ಳಿ, ಬಿಡಬೇಡಿ. ಆದರೆ ಕಾರಿಡಾರಿನಲ್ಲಿ ಅಲ್ಲ, ಜಡ್ಜ್ ಎದುರು. ಎಷ್ಟು ಬಂತು, ಇನ್ನೆಷ್ಟು ಬಾಕಿ, ಮುಂದಿನ ಕಂತು ಯಾವತ್ತು ಅಂತ ಅವತ್ತಿನ ಆದೇಶದಲ್ಲೇ ಬರೆಸಿ. "ಪೂರ್ತಿ ಸಂದಾಯವಾಗಿದೆ" ಅನ್ನುವ ಸಾಲಿರುವ ಕಾಗದವನ್ನು ಯಾರಾದರೂ ಮುಂದೆ ಹಿಡಿದರೆ ಪೆನ್ನು ಚೀಲದಿಂದ ತೆಗೆಯಲೇಬೇಡಿ.