ಗ್ರ್ಯಾಂಡ್ ಜ್ಯೂರಿಯ ಮುಂದೆ ಆರೋಪ ಇಡುವಾಗ

ಅಮೆರಿಕದಲ್ಲಿ ಫೆಡರಲ್ ಪ್ರಾಸಿಕ್ಯೂಟರ್, ಅಂದರೆ ಕೇಂದ್ರ ಸರ್ಕಾರದ ಪರ ಕ್ರಿಮಿನಲ್ ಮೊಕದ್ದಮೆ ನಡೆಸುವ ವಕೀಲ ಆಗಿದ್ದಾಗ ನಾನು ಹೆಚ್ಚಾಗಿ ನಡೆಸಿದ್ದು ವಂಚನೆ ಪ್ರಕರಣಗಳನ್ನು. ಊರಿನ ಬಂಧುಗಳು ಈಗಲೂ ಕೇಳುತ್ತಾರೆ: ಅಲ್ಲಿ ಚಾರ್ಜ್‌ಶೀಟ್ ಹಾಕುವವರು ಪೊಲೀಸರೋ, ಸರ್ಕಾರಿ ವಕೀಲರೋ? ಫೆಡರಲ್ ಕಾನೂನಿನಡಿಯ ಗಂಭೀರ ಅಪರಾಧವಾದರೆ ಇಬ್ಬರ ಮಾತೂ ಸಾಲದು. ಸಂವಿಧಾನದ ಐದನೇ ತಿದ್ದುಪಡಿಯಂತೆ ಸಾಮಾನ್ಯ ನಾಗರಿಕರ ಗ್ರ್ಯಾಂಡ್ ಜ್ಯೂರಿ ಒಪ್ಪಬೇಕು. ಆ ಹಕ್ಕನ್ನು ಆರೋಪಿಯೇ ಬಿಟ್ಟುಕೊಟ್ಟರೆ ಮಾತ್ರ ನಮ್ಮ ಸಹಿಯಿರುವ ಆರೋಪಪತ್ರ ಸಾಕಾಗುತ್ತದೆ.

ಜ್ಯೂರಿಯಲ್ಲಿ 16ರಿಂದ 23 ಮಂದಿ ಇರುತ್ತಾರೆ. ಆರೋಪ ಹೊರಿಸಲು 12 ಮತ ಬೇಕು. ಕೋಣೆಯಲ್ಲಿ ನ್ಯಾಯಾಧೀಶರಿಲ್ಲ, ಆರೋಪಿಯಿಲ್ಲ, ಅವನ ವಕೀಲರಿಲ್ಲ. ಅಪರಾಧ ನಡೆದಿದೆ ಎಂದು ನಂಬಲು ಸಕಾರಣವಿದ್ದರೆ ಸಾಕು. ಇತರರಿಂದ ಕೇಳಿ ತಿಳಿದದ್ದನ್ನೂ ಸಾಕ್ಷಿ ಹೇಳಬಹುದೆಂದು ಸುಪ್ರೀಂ ಕೋರ್ಟ್ 1956ರಲ್ಲೇ ಒಪ್ಪಿದೆ. ಹಾಗಾಗಿ ಇಡೀ ತನಿಖೆಯ ಸಾರವನ್ನು ಒಬ್ಬ ತನಿಖಾಧಿಕಾರಿಯ ಬಾಯಿಂದಲೇ ಹೇಳಿಸಬಹುದು. ಎದುರು ಮಾತಾಡುವವರೇ ಇಲ್ಲದ ಆ ಕೋಣೆಗೆ ಹೋಗುವಾಗಲೆಲ್ಲ ನನಗೆ ಹೊಣೆಯ ಭಾರ ಹೆಚ್ಚೆನಿಸುತ್ತಿತ್ತು.

ಆದ್ದರಿಂದ ಎದುರು ವಕೀಲರ ಕೆಲಸವನ್ನು ಮೊದಲು ನನ್ನ ಮೇಜಿನ ಮೇಲೆ ನಾನೇ ಮಾಡುತ್ತಿದ್ದೆ. ಇಮೇಲ್ ಮೂಲಕ ನಡೆದ ವಂಚನೆ ಎಂದುಕೊಳ್ಳಿ. ಮೋಸದ ಯೋಜನೆ ಇತ್ತೇ? ಮೋಸ ಮಾಡುವ ಉದ್ದೇಶ ಇತ್ತೇ? ಅದಕ್ಕಾಗಿ ಕಳಿಸಿದ ಸಂದೇಶ ರಾಜ್ಯದ ಗಡಿ ದಾಟಿತೇ? ಒಂದೊಂದಕ್ಕೂ ಒಂದೊಂದು ಹಾಳೆ. ಎಡಕ್ಕೆ ನಮ್ಮ ಪುರಾವೆ, ಬಲಕ್ಕೆ ಆರೋಪಿಯ ಪರವಾಗಿ ಹೇಳಬಹುದಾದದ್ದು. ಗಡಿ ದಾಟಿದ್ದನ್ನು ಸರ್ವರ್ ದಾಖಲೆಗಳೇ ತೋರಿಸುತ್ತವೆ. ಉದ್ದೇಶದ ಹಾಳೆಯಲ್ಲೇ ದಿನಗಳು ಕಳೆಯುತ್ತಿದ್ದವು: ವ್ಯವಹಾರದಲ್ಲಿ ಸೋತು ಸಾಲ ತೀರಿಸಲಾಗದವನಿಗೂ, ತೀರಿಸುವ ಮನಸ್ಸೇ ಇಲ್ಲದೆ ಹಣ ಪಡೆದವನಿಗೂ ಬ್ಯಾಂಕ್ ಖಾತೆ ಒಂದೇ ತರಹ ಬರಿದಾಗಿರುತ್ತದೆ. ಮುಂದೆ ವಿಚಾರಣೆಯಲ್ಲಿ ಸಂಶಯಾತೀತವಾಗಿ ಸಾಬೀತುಪಡಿಸಲಾಗದು ಎನಿಸಿದ ಆರೋಪವನ್ನು ನಾನು ಜ್ಯೂರಿಯ ಮುಂದೆ ಒಯ್ಯುತ್ತಿರಲಿಲ್ಲ.

ಆರೋಪಿಗೆ ಅನುಕೂಲವಾದ ಪುರಾವೆಯನ್ನು ಗ್ರ್ಯಾಂಡ್ ಜ್ಯೂರಿಗೆ ತೋರಿಸಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿತು. ಆದರೆ ಅವನು ನಿರಪರಾಧಿ ಎನ್ನುವುದಕ್ಕೆ ಬಲವಾದ ಪುರಾವೆ ಕೈಯಲ್ಲಿದ್ದರೆ ತೋರಿಸಬೇಕೆಂದು ನ್ಯಾಯ ಇಲಾಖೆಯ ಕೈಪಿಡಿ ಹೇಳುತ್ತದೆ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆ ಬಲಬದಿಯ ಸಾಲುಗಳನ್ನೂ ಜ್ಯೂರಿಯ ಮುಂದಿಡುತ್ತಿದ್ದೆ. ಜ್ಯೂರರ್‌ಗಳು ಸಾಕ್ಷಿಯನ್ನು ಪ್ರಶ್ನಿಸಬಹುದು, ಚೆನ್ನಾಗಿಯೇ ಪ್ರಶ್ನಿಸುತ್ತಾರೆ. ಏನು ಕೇಳಿದರೆಂದು ಬರೆಯುವಂತಿಲ್ಲ, ಕೆಲಸ ಬಿಟ್ಟ ಮೇಲೂ ಗೋಪ್ಯತೆಯ ನಿಯಮ ನನ್ನನ್ನು ಕಟ್ಟಿಹಾಕುತ್ತದೆ.

ಮತದಾನದ ಹೊತ್ತಿಗೆ ನಾನೂ ಸ್ಟೆನೋಗ್ರಾಫರ್ ಕೂಡ ಹೊರನಡೆಯುತ್ತಿದ್ದೆವು. ಒಳಗೆ ಜ್ಯೂರರ್‌ಗಳು ಮಾತ್ರ. ಒಪ್ಪಿದರೆ ಮುಖ್ಯಸ್ಥರು ಸಹಿ ಮಾಡುತ್ತಾರೆ, ಆರೋಪಪಟ್ಟಿ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರ ಕೈ ಸೇರುತ್ತದೆ. ಮೊದಲೇ ಬಂಧನವಾಗಿದ್ದರೆ ಸಾಮಾನ್ಯವಾಗಿ 30 ದಿನಗಳೊಳಗೆ ಇದೆಲ್ಲ ಮುಗಿಯಬೇಕು.

ಅಲ್ಲಿರುವ ನಮ್ಮವರಿಗೆ ಒಂದು ಮಾತು. ಗ್ರ್ಯಾಂಡ್ ಜ್ಯೂರಿಯಿಂದ ಸಮನ್ಸ್ ಬಂದರೆ ಒಂದು ಕಾಗದವನ್ನೂ ಹರಿಯಬೇಡಿ, ಒಂದು ಇಮೇಲನ್ನೂ ಅಳಿಸಬೇಡಿ. ಅದೇ ಬೇರೆ ಅಪರಾಧವಾದೀತು. ಮೊದಲು ವಕೀಲರನ್ನು ಕಾಣಿ. ಅವರು ಒಳಗೆ ಬರುವಂತಿಲ್ಲ, ಆದರೆ ಬಾಗಿಲ ಹೊರಗೆ ಕಾಯಬಹುದು. ಪ್ರಶ್ನೆಯ ನಡುವೆ ಎದ್ದುಹೋಗಿ ಅವರನ್ನು ಕೇಳಿ ಬರುತ್ತೇನೆ ಎನ್ನಲು ಸಂಕೋಚ ಬೇಡ.