ಮೈಲುತುತ್ತದ ಜೊತೆ ಒಂದು ವರ್ಷ: ಸೆಕೆಂಡ್ ಪಿಯುಸಿ ಕೆಮಿಸ್ಟ್ರಿ ನಾನು ಕಲಿಸುವ ರೀತಿ

ಸೆಕೆಂಡ್ ಪಿಯುಸಿ ಕೆಮಿಸ್ಟ್ರಿಯಲ್ಲಿ ಈಗ ಹತ್ತು ಪಾಠಗಳಿವೆ. ಮೊದಲ ಭಾಗದಲ್ಲಿ ದ್ರಾವಣಗಳು, ಎಲೆಕ್ಟ್ರೋಕೆಮಿಸ್ಟ್ರಿ, ಕೆಮಿಕಲ್ ಕೈನೆಟಿಕ್ಸ್, ಡಿ ಮತ್ತು ಎಫ್ ಬ್ಲಾಕ್, ಕೋಆರ್ಡಿನೇಷನ್ ಕಾಂಪೌಂಡ್ಸ್. ಎರಡನೆಯದರಲ್ಲಿ ಹ್ಯಾಲೋಆಲ್ಕೇನ್‌ಗಳಿಂದ ಶುರುವಾಗಿ ಆಲ್ಕೊಹಾಲ್, ಆಲ್ಡಿಹೈಡ್, ಅಮೀನ್, ಕೊನೆಗೆ ಬಯೋಮಾಲಿಕ್ಯೂಲ್ಸ್. ಹಿಂದೆ ಇದ್ದ ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಪಿ ಬ್ಲಾಕ್, ಪಾಲಿಮರ್ ಎಲ್ಲ ಹೋಗಿವೆ. ಅದಿರಿನಿಂದ ಲೋಹ ತೆಗೆಯುವ ಪಾಠವೂ ಹೋಯಿತು. ಅದು ಹೋದದ್ದು ಮಾತ್ರ ನನಗೆ ಇವತ್ತಿಗೂ ಬೇಸರ. ಚಿತ್ರದುರ್ಗದ ಪಕ್ಕದ ಇಂಗಳದಾಳದಲ್ಲಿ ತಾಮ್ರದ ಗಣಿ ಇತ್ತು. ಆ ಪಾಠವನ್ನು ನಮ್ಮ ಕಡೆಯ ಮಕ್ಕಳಿಗೆ ಹೇಳುವಾಗ ಬೇರೆ ಉದಾಹರಣೆ ಹುಡುಕಬೇಕಾಗಿಯೇ ಇರಲಿಲ್ಲ.

ನಾನು ದಾವಣಗೆರೆ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ನಮ್ಮಲ್ಲಿಗೆ ಬರುವವರಲ್ಲಿ ಚನ್ನಗಿರಿ, ಹೊಳಲ್ಕೆರೆ ಕಡೆಯ ಹಳ್ಳಿಯ ಮಕ್ಕಳೇ ಜಾಸ್ತಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಒಮ್ಮೆಲೇ ಇಂಗ್ಲಿಷ್ ಪುಸ್ತಕ. ಭಾಷೆಯ ತೊಡಕನ್ನು ಅವರು ಫಸ್ಟ್ ಪಿಯುಸಿಯಲ್ಲೇ ಅರ್ಧ ದಾಟಿರುತ್ತಾರೆ. ಉಳಿಯುವ ತೊಡಕು ಬೇರೆ. ಹತ್ತು ಪಾಠ ಅಂದರೆ ಹತ್ತು ಬೇರೆ ಬೇರೆ ವಿಷಯ ಅಂದುಕೊಳ್ಳುತ್ತಾರೆ. ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ಕಲಿತ ಇ ನಾಟ್ ಬೆಲೆ (ಲೋಹದ ಅಯಾನು ಎಲೆಕ್ಟ್ರಾನ್ ಎಳೆದುಕೊಳ್ಳುವ ಒಲವನ್ನು ವೋಲ್ಟ್ ಲೆಕ್ಕದಲ್ಲಿ ಹೇಳುವ ಅಂಕಿ) ಡಿ ಬ್ಲಾಕ್‌ನಲ್ಲಿ ಮತ್ತೆ ಬಂದಾಗ ಅದನ್ನು ಹೊಸದಾಗಿ ಬಾಯಿಪಾಠ ಮಾಡುತ್ತಾರೆ. ಟೆಸ್ಟ್ ಮುಗಿದರೆ ಪಾಠವೂ ಮುಗಿಯಿತು. ಇದಕ್ಕೆ ನಾನು ಕಂಡುಕೊಂಡ ದಾರಿ ಎಂದರೆ ಒಂದೇ ವಸ್ತುವನ್ನು ವರ್ಷವಿಡೀ ಕ್ಲಾಸಿನಲ್ಲಿ ಇಟ್ಟುಕೊಳ್ಳುವುದು. ಆ ವಸ್ತು ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್.

ಅದನ್ನೇ ಆರಿಸಿದ್ದಕ್ಕೆ ಕಾರಣ ಒಬ್ಬ ಹುಡುಗ ಕೇಳಿದ ಪ್ರಶ್ನೆ. ಅವರದ್ದು ಅಡಿಕೆ ತೋಟ. ಕೊಳೆ ರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ಔಷಧಿ, ಹೊಡೆಯುತ್ತಾರೆ. “ಮೇಡಂ, ನಮ್ಮಪ್ಪ ಔಷಧಿ ಕಲಸಿದ ಮೇಲೆ ಕುಡುಗೋಲು ಅದ್ದಿ ನೋಡ್ತಾರೆ. ಕೆಂಪಾದ್ರೆ ಇನ್ನೂ ಸುಣ್ಣ ಹಾಕ್ಬೇಕು ಅಂತಾರೆ. ಯಾಕೆ?” ಅಂದ. ಅಪ್ಪನನ್ನೇ ಕೇಳಲಿಲ್ಲವಾ ಅಂದೆ. “ಅವರಿಗೂ ಗೊತ್ತಿಲ್ವಂತೆ ಮೇಡಂ. ನಮ್ಮ ತಾತ ಹಂಗೇ ಮಾಡ್ತಿದ್ರಂತೆ.”

ಈ ಒಂದು ಪ್ರಶ್ನೆಯಲ್ಲಿ ಎಲೆಕ್ಟ್ರೋಕೆಮಿಸ್ಟ್ರಿಯ ಅರ್ಧ ಪಾಠ ಇದೆ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಹೊಸದುರ್ಗ, ಹಿರಿಯೂರು ಕಡೆ ದಾಳಿಂಬೆ ಬೆಳೆಯುವವರಿಗೂ ಇದು ಗೊತ್ತು. ಸುಣ್ಣ ಸಾಕಷ್ಟಿದ್ದರೆ ತಾಮ್ರವೆಲ್ಲ ಹೈಡ್ರಾಕ್ಸೈಡ್ ಆಗಿ ನೀಲಿ ಗಷ್ಟಿನ ರೂಪದಲ್ಲಿ ಇರುತ್ತದೆ. ಸುಣ್ಣ ಸಾಲದಿದ್ದರೆ ತಾಮ್ರದ ಅಯಾನು ನೀರಿನಲ್ಲಿ ಬಿಡಿಯಾಗಿ ಉಳಿಯುತ್ತದೆ. ಕುಡುಗೋಲು ಅದ್ದಿದ ಕೂಡಲೇ ಕಬ್ಬಿಣ ತನ್ನ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಕರಗುತ್ತದೆ. ತಾಮ್ರ ಅದನ್ನು ತೆಗೆದುಕೊಂಡು ಅಲಗಿನ ಮೇಲೆ ಕೆಂಪಾಗಿ ಕೂರುತ್ತದೆ. ಕಬ್ಬಿಣದ ಇ ನಾಟ್ ಮೈನಸ್ 0.44 ವೋಲ್ಟ್, ತಾಮ್ರದ್ದು ಪ್ಲಸ್ 0.34. ವ್ಯತ್ಯಾಸ 0.78 ವೋಲ್ಟ್, ಬೆಲೆ ಪಾಸಿಟಿವ್, ಹಾಗಾಗಿ ಕ್ರಿಯೆ ತಾನಾಗಿಯೇ ನಡೆಯುತ್ತದೆ. ಎರಡು ಎಲೆಕ್ಟ್ರಾನ್, 96,500 ಕೂಲಂಬ್, 0.78 ವೋಲ್ಟ್ ಗುಣಿಸಿದರೆ ಡೆಲ್ಟಾ ಜಿ, ಅಂದರೆ ಕ್ರಿಯೆಯಲ್ಲಿ ಆಗುವ ಮುಕ್ತ ಶಕ್ತಿಯ ಬದಲಾವಣೆ, ಸುಮಾರು ಮೈನಸ್ 150 ಕಿಲೋಜೂಲ್. ಬಿಡಿ ತಾಮ್ರ ಜಾಸ್ತಿಯಾದರೆ ಎಲೆ ಸುಡುತ್ತದೆ. ತಾತ ಕುಡುಗೋಲು ಅದ್ದುತ್ತಿದ್ದದ್ದು ಅದಕ್ಕೇ.

ಆ ದಿನದಿಂದ ಪ್ರತಿ ವರ್ಷ ಜೂನ್‌ನಲ್ಲಿ ಗೊಬ್ಬರದ ಅಂಗಡಿಯಿಂದ ಮೈಲುತುತ್ತ ತರುತ್ತೇನೆ. ಕ್ಲಾಸಿನಲ್ಲಿ ತೋರಿಸಲು ಅದೇ ಸಾಕು. ಅದರಲ್ಲಿ ಕಬ್ಬಿಣದ ಕಲಬೆರಕೆ ಇರಬಹುದು. ಹಾಗಾಗಿ ಲೆಕ್ಕಕ್ಕೆ ಬರುವ ಪ್ರಯೋಗಗಳಿಗೆ ಲ್ಯಾಬಿನದ್ದನ್ನೇ ಬಳಸುತ್ತೇನೆ.

ಮೊದಲ ಪಾಠ ದ್ರಾವಣಗಳು. ಬೋರ್ಡೋ ಲೆಕ್ಕದಿಂದಲೇ ಶುರು. ಸುಣ್ಣ ಬೆರೆಸುವ ಮುಂಚೆ 1 ಕೆಜಿ ಮೈಲುತುತ್ತ 100 ಲೀಟರ್ ನೀರಿನಲ್ಲಿ ಕರಗಿದರೆ ಮೊಲಾರಿಟಿ, ಅಂದರೆ ಒಂದು ಲೀಟರಿನಲ್ಲಿರುವ ಮೋಲ್, ಎಷ್ಟು? ಐದು ನೀರಿನ ಅಣು ಸೇರಿಸಿ ಮೋಲಾರ್ ತೂಕ 249.5. 1000 ಗ್ರಾಂ ಅಂದರೆ ಸುಮಾರು 4 ಮೋಲ್, ಹಾಗಾಗಿ 0.04 ಮೊಲಾರ್. ಐದು ನೀರನ್ನು ಬಿಟ್ಟು 159.5 ಅಂತ ಹಾಕುವವರು ಇದ್ದೇ ಇರುತ್ತಾರೆ. ಆಗ ಚೀಲದಲ್ಲಿರುವುದು ನೀಲಿಯಾ ಬಿಳಿಯಾ ಅಂತ ಕೇಳುತ್ತೇನೆ. ಆಮೇಲೆ ವಾಂಟ್ ಹಾಫ್ ಫ್ಯಾಕ್ಟರ್ ಐ, ಅಂದರೆ ಕರಗಿದ ಒಂದು ಘಟಕ ಎಷ್ಟು ಕಣವಾಗುತ್ತದೆ ಅನ್ನುವ ಲೆಕ್ಕ. ಪೂರ್ತಿ ಬಿಡಿಯಾದರೆ ಒಂದು ಘಟಕದಿಂದ ಎರಡು ಅಯಾನು, ಐ ಬೆಲೆ 2. ಫ್ರೀಜಿಂಗ್ ಪಾಯಿಂಟ್ ಇಳಿಯುವುದನ್ನು ಲೆಕ್ಕ ಹಾಕುವ ಸ್ಥಿರಾಂಕ ಕೆ ಎಫ್, ನೀರಿಗೆ 1.86. ಫ್ರೀಜಿಂಗ್ ಪಾಯಿಂಟ್ ಸುಮಾರು 0.15 ಡಿಗ್ರಿ ಇಳಿಯುತ್ತದೆ. ಸಕ್ಕರೆಗೆ ಇದೇ ಲೆಕ್ಕ ಮಾಡಿಸಿದರೆ ಅದರ ಅರ್ಧ ಬರುತ್ತದೆ. ಐ ಯಾಕೆ ಬೇಕು ಅಂತ ಬೇರೆಯಾಗಿ ಹೇಳಬೇಕಾಗುವುದಿಲ್ಲ.

ಆಸ್ಮೋಸಿಸ್‌ಗೆ ಮಾತ್ರ ಮೈಲುತುತ್ತ ಬದಿಗಿಟ್ಟು ಊರಿನ ಶುದ್ಧ ನೀರಿನ ಘಟಕಕ್ಕೆ ಬರುತ್ತೇನೆ. ನಮ್ಮ ಸೀಮೆಯ ಬೋರ್ ನೀರಿನಲ್ಲಿ ಫ್ಲೋರೈಡ್ ತೊಂದರೆ ಎಲ್ಲರಿಗೂ ಗೊತ್ತಿರುವುದೇ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಆ ಘಟಕದಲ್ಲಿ ಆಸ್ಮೋಟಿಕ್ ಪ್ರೆಶರ್‌ಗಿಂತ ಜಾಸ್ತಿ ಒತ್ತಡ ಹಾಕಿ ನೀರನ್ನು ಪೊರೆಯ ಆಚೆಗೆ ತಳ್ಳುತ್ತಾರೆ. ರಿವರ್ಸ್ ಆಸ್ಮೋಸಿಸ್ ಅಂದರೆ ಅಷ್ಟೇ. 1.5 ಮಿಲಿಗ್ರಾಂ ಫ್ಲೋರೈಡ್ ಎಷ್ಟು ಮೋಲ್ ಅಂತ ಮನೆಗೆ ಲೆಕ್ಕ ಕೊಡುತ್ತೇನೆ. ಕೆಲವರು ಮರುದಿನ ತಮ್ಮ ಊರಿನ ಬೋರ್ ನೀರಿನ ರಿಪೋರ್ಟ್ ಹುಡುಕಿಕೊಂಡು ಬರುತ್ತಾರೆ. ಅಂಥವರನ್ನು ಕಂಡರೆ ನನಗೆ ತುಂಬಾ ಖುಷಿ.

ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ಕುಡುಗೋಲಿನ ನಂತರ ಡೇನಿಯಲ್ ಸೆಲ್. ಕುಡುಗೋಲಿನ ಮೇಲೆ ಎಲೆಕ್ಟ್ರಾನ್ ನೇರವಾಗಿ ದಾಟಿಬಿಡುತ್ತದೆ, ನಮಗೆ ಕರೆಂಟ್ ಸಿಗುವುದಿಲ್ಲ. ಸತು ಮತ್ತು ತಾಮ್ರವನ್ನು ಎರಡು ಬೀಕರಿನಲ್ಲಿಟ್ಟು, ನಡುವೆ ತಂತಿ ಮತ್ತು ಸಾಲ್ಟ್ ಬ್ರಿಡ್ಜ್ (ಅಯಾನು ಓಡಾಡಲು ಉಪ್ಪಿನ ದ್ರಾವಣ ತುಂಬಿದ ಕೊಳವೆ) ಹಾಕಿದರೆ ಎಲೆಕ್ಟ್ರಾನ್ ತಂತಿಯ ಮೇಲೆಯೇ ಹೋಗಬೇಕು. ಮೀಟರ್ ಸುಮಾರು 1.1 ವೋಲ್ಟ್ ತೋರಿಸುತ್ತದೆ. ಈ ಕ್ರಮದಲ್ಲಿ ಹೇಳಿದರೆ ಸಾಲ್ಟ್ ಬ್ರಿಡ್ಜ್ ಯಾಕೆ ಬೇಕು ಅನ್ನುವುದು ಮಕ್ಕಳಿಗೇ ಹೊಳೆಯುತ್ತದೆ. ಆಮೇಲೆ ಕಾಪರ್ ಸಲ್ಫೇಟನ್ನು ಹತ್ತು ಪಟ್ಟು ತೆಳು ಮಾಡಿ ಮತ್ತೆ ಅಳೆಯುತ್ತೇವೆ. ನರ್ನ್‌ಸ್ಟ್ ಸಮೀಕರಣದ ಪ್ರಕಾರ 0.059ರ ಅರ್ಧ, ಅಂದರೆ ಸುಮಾರು 0.03 ವೋಲ್ಟ್ ಇಳಿಯಬೇಕು. ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಇಳಿದದ್ದು ಕಣ್ಣಿಗೆ ಕಾಣುತ್ತದೆ.

ಎಲೆಕ್ಟ್ರಾಲಿಸಿಸ್‌ಗೆ ತಾಮ್ರದ ತಂತಿ ಬೇಕಲ್ಲ, ಅದು ಬರುವುದು ಮೋಟಾರ್ ರೀವೈಂಡಿಂಗ್ ಅಂಗಡಿಯಿಂದ. ಬೋರ್‌ವೆಲ್ ಮೋಟಾರ್ ಸುಡದ ಊರು ನಮ್ಮ ಕಡೆ ಯಾವುದಿದೆ? ಸುಟ್ಟ ವೈಂಡಿಂಗ್ ತಂತಿಯ ಮೇಲಿನ ಇನಾಮೆಲ್ ಕೆರೆದು, ಎರಡು ಸುರುಳಿ ಮಾಡಿ, ತೂಗಿ, ಮೈಲುತುತ್ತದ ನೀರಿನಲ್ಲಿ ಇಳಿಬಿಡುತ್ತೇವೆ. 1.5 ಆಂಪಿಯರ್ ಕರೆಂಟ್ 10 ನಿಮಿಷ ಹರಿದರೆ 900 ಕೂಲಂಬ್, ಕ್ಯಾಥೋಡಿನ ಮೇಲೆ ಸುಮಾರು 0.30 ಗ್ರಾಂ ತಾಮ್ರ ಕೂರಬೇಕು. ಇನ್ನೊಂದು ಸುರುಳಿ ಅಷ್ಟೇ ಸವೆಯುತ್ತದೆ. ಇಲ್ಲಿ ನಿಂತು ಇಂಗಳದಾಳದ ಮಾತು ತೆಗೆಯುತ್ತೇನೆ. ಕಚ್ಚಾ ತಾಮ್ರವನ್ನು ಶುದ್ಧ ಮಾಡುವುದು ಹೀಗೆಯೇ. ಪಾಠ ಪುಸ್ತಕದಿಂದ ಹೋಗಿರಬಹುದು, ಹೇಳಲು ಅಡ್ಡಿ ಏನಿಲ್ಲವಲ್ಲ.

ಡಿ ಬ್ಲಾಕ್ ಮತ್ತು ಕೋಆರ್ಡಿನೇಷನ್ ಕಾಂಪೌಂಡ್ಸ್ ಪಾಠಗಳನ್ನು ನಾನು ಕೂಡಿಸಿಯೇ ಮಾಡುತ್ತೇನೆ. ಮೈಲುತುತ್ತವನ್ನು ಒಣ ಪ್ರನಾಳದಲ್ಲಿ ಕಾಯಿಸಿದರೆ ಬಿಳಿ ಪುಡಿಯಾಗುತ್ತದೆ. ಆರಿದ ಮೇಲೆ ಒಂದು ಹನಿ ನೀರು ಬಿಟ್ಟರೆ ಮತ್ತೆ ನೀಲಿ. ತಾಮ್ರ ಅದೇ, ಸಲ್ಫೇಟ್ ಅದೇ. ಬದಲಾದದ್ದು ತಾಮ್ರದ ಸುತ್ತ ನಿಂತ ನೀರು ಮಾತ್ರ. ಬಣ್ಣ ಬರಲು ಡಿ ಆರ್ಬಿಟಲ್‌ಗಳು ಬೇರೆ ಬೇರೆ ಶಕ್ತಿಯ ಮಟ್ಟಗಳಾಗಿ ಒಡೆಯಬೇಕು, ಒಡೆಯಲು ಲಿಗ್ಯಾಂಡ್, ಅಂದರೆ ಲೋಹಕ್ಕೆ ಅಂಟುವ ಅಣು ಅಥವಾ ಅಯಾನು, ಬೇಕು ಅನ್ನುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಯೋಗ ನನಗೆ ಗೊತ್ತಿಲ್ಲ. ಐದು ನೀರಿನಲ್ಲಿ ನಾಲ್ಕು ತಾಮ್ರಕ್ಕೆ ಅಂಟಿವೆ, ಐದನೆಯದು ಹೈಡ್ರೋಜನ್ ಬಾಂಡ್‌ನಿಂದ ನಿಂತಿದೆ. ಪಕ್ಕದಲ್ಲೇ ಜಿಂಕ್ ಸಲ್ಫೇಟ್ ಇಡುತ್ತೇನೆ. ನೀರು ಇದ್ದರೂ ಅದು ಬಿಳಿ. ಜಿಂಕ್ ಅಯಾನಿನ ಡಿ ಆರ್ಬಿಟಲ್‌ಗಳಲ್ಲಿ ಹತ್ತೂ ಎಲೆಕ್ಟ್ರಾನ್ ತುಂಬಿವೆ, ಜಿಗಿಯಲು ಜಾಗವಿಲ್ಲ. ತಾಮ್ರದಲ್ಲಿ ಒಂಬತ್ತು. ಜೋಡಿ ಇಲ್ಲದ ಆ ಒಂದು ಎಲೆಕ್ಟ್ರಾನಿನಿಂದಲೇ ಮ್ಯಾಗ್ನೆಟಿಕ್ ಮೊಮೆಂಟ್ 1.73 ಬೋರ್ ಮ್ಯಾಗ್ನೆಟಾನ್ ಅಂತ ಬೋರ್ಡಿನ ಮೇಲೆ ಲೆಕ್ಕ ಮಾಡುತ್ತೇವೆ.

ಆಮೇಲೆ ಅಮೋನಿಯ. ಮೊದಲ ಹನಿಗಳಿಗೆ ತಿಳಿನೀಲಿ ಗಷ್ಟು ಬೀಳುತ್ತದೆ. ಇನ್ನೂ ಹಾಕಿದರೆ ಅದೆಲ್ಲ ಕರಗಿ ಕಡುನೀಲಿ ದ್ರಾವಣ ಆಗುತ್ತದೆ. ನೀರನ್ನು ಸರಿಸಿ ನಾಲ್ಕು ಅಮೋನಿಯ ಅದರ ಜಾಗದಲ್ಲಿ ನಿಂತಿವೆ. ಇದನ್ನು ನೋಡಿದ ಮೇಲೆ ವರ್ನರ್ ಹೆಸರು ಹೇಳುತ್ತೇನೆ. ಲೋಹದ ಸುತ್ತ ಎರಡು ಬಗೆಯ ವೇಲೆನ್ಸಿ ಇದೆ ಎಂದು ಹೇಳಿ 1913ರಲ್ಲಿ ನೊಬೆಲ್ ಪಡೆದವರು. ಮೊದಲು ಸಿದ್ಧಾಂತ, ಆಮೇಲೆ ಬಣ್ಣ ಅನ್ನುವ ಕ್ರಮ ನನಗೆ ಒಪ್ಪಿಗೆಯಿಲ್ಲ. ಬಣ್ಣ ನೋಡಿದ ಹುಡುಗಿ ಸಿದ್ಧಾಂತವನ್ನು ತಾನೇ ಕೇಳುತ್ತಾಳೆ.

ಆರ್ಗ್ಯಾನಿಕ್‌ಗೆ ಬಂದಾಗ ತಾಮ್ರ ಬಿಟ್ಟುಹೋಗುತ್ತದೆ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಬಿಡುವುದಿಲ್ಲ. 573 ಕೆಲ್ವಿನ್ನಿನಲ್ಲಿ ಕಾದ ತಾಮ್ರದ ಮೇಲೆ ಆಲ್ಕೊಹಾಲ್ ಆವಿ ಹಾಯಿಸಿದರೆ ಪ್ರೈಮರಿ ಆಲ್ಕೊಹಾಲ್ ಆಲ್ಡಿಹೈಡ್ ಆಗುತ್ತದೆ, ಸೆಕೆಂಡರಿ ಕೀಟೋನ್ ಆಗುತ್ತದೆ, ಟರ್ಷಿಯರಿ ಮಾತ್ರ ನೀರು ಕಳೆದುಕೊಂಡು ಆಲ್ಕೀನ್ ಆಗುತ್ತದೆ. ಕ್ಲಾಸಿನಲ್ಲಿ ಇದರ ಹತ್ತಿರದ ಒಂದು ಪ್ರಯೋಗ ನಾನೇ ಮಾಡಿ ತೋರಿಸುತ್ತೇನೆ. ತಾಮ್ರದ ಸುರುಳಿಯನ್ನು ಉರಿಯಲ್ಲಿ ಹಿಡಿದರೆ ಕಪ್ಪಾಗುತ್ತದೆ. ಬಿಸಿಯಿರುವಾಗಲೇ ದೂರದಲ್ಲಿಟ್ಟ ಸ್ವಲ್ಪ ಸ್ಪಿರಿಟ್‌ನ ಆವಿಗೆ ಹಿಡಿದರೆ ಮತ್ತೆ ಫಳಫಳ ಹೊಳೆಯುತ್ತದೆ. ಇಲ್ಲಿ ಕೆಲಸ ಮಾಡುವುದು ಕಾಪರ್ ಆಕ್ಸೈಡ್, ಪುಸ್ತಕದಲ್ಲಿರುವುದು ಡಿಹೈಡ್ರೋಜನೇಷನ್. ಆಲ್ಕೊಹಾಲ್ ಎರಡರಲ್ಲೂ ಆಲ್ಡಿಹೈಡ್ ಆಗುತ್ತದೆ, ದಾರಿ ಬೇರೆ. ಇದನ್ನು ಬಿಡಿಸಿ ಹೇಳಲೇಬೇಕು, ಇಲ್ಲದಿದ್ದರೆ ಸಿಇಟಿಯಲ್ಲಿ ಗೊಂದಲವಾಗುತ್ತದೆ. ಅರವತ್ತು ಪ್ರಶ್ನೆಗೆ ಎಂಬತ್ತು ನಿಮಿಷ, ಅಲ್ಲಿ ಯೋಚಿಸುತ್ತ ಕೂರಲು ಹೊತ್ತಿಲ್ಲ.

ಅಮೀನ್ ಪಾಠದ ಡೈಅಜೋನಿಯಂ ಉಪ್ಪಿನಲ್ಲೂ ತಾಮ್ರ ಬರುತ್ತದೆ. ಕ್ಯುಪ್ರಸ್ ಕ್ಲೋರೈಡ್ ಹಾಕಿದರೆ ಸ್ಯಾಂಡ್‌ಮೇಯರ್, ತಾಮ್ರದ ಪುಡಿ ಹಾಕಿದರೆ ಗಾಟರ್‌ಮನ್. ಎರಡನ್ನೂ ಅದಲುಬದಲು ಮಾಡುವುದು ಪರೀಕ್ಷೆಯಲ್ಲಿ ಸಾಮಾನ್ಯ.

ಆಲ್ಡಿಹೈಡ್ ಗುರುತಿಸುವ ಫೆಹ್ಲಿಂಗ್ ಪರೀಕ್ಷೆ ಹೊತ್ತಿಗೆ ಮಕ್ಕಳಿಗೆ ಬಾಟಲಿ ನೋಡಿದರೇ ಗುರುತು ಸಿಗುತ್ತದೆ. ಫೆಹ್ಲಿಂಗ್ ಎ ಅಂದರೆ ಅದೇ ಮೈಲುತುತ್ತದ ನೀರು. ಬಿ ಬಾಟಲಿಯಲ್ಲಿ ಕ್ಷಾರ ಮತ್ತು ಟಾರ್ಟರೇಟ್ ಉಪ್ಪು. ಟಾರ್ಟರೇಟ್ ಯಾಕೆ ಅಂತ ಕೇಳುತ್ತೇನೆ. ಬರೀ ಕ್ಷಾರ ಹಾಕಿದ್ದರೆ ಬೋರ್ಡೋದಲ್ಲಿ ಆದಂತೆ ಗಷ್ಟು ಬೀಳುತ್ತಿತ್ತು, ಟಾರ್ಟರೇಟ್ ಲಿಗ್ಯಾಂಡ್ ಆಗಿ ತಾಮ್ರವನ್ನು ದ್ರಾವಣದಲ್ಲೇ ಹಿಡಿದಿಡುತ್ತದೆ. ಕೋಆರ್ಡಿನೇಷನ್ ಪಾಠ ಮರೆತಿಲ್ಲದವರು ಈ ಉತ್ತರ ಹೇಳುತ್ತಾರೆ. ವರ್ಷದ ದುಡಿಮೆಯೆಲ್ಲ ಸಾರ್ಥಕ ಅನ್ನಿಸುವುದು ನನಗೆ ಆಗಲೇ. ಅಂಗಡಿಯ ಗ್ಲೂಕೋಸ್ ಪುಡಿ ಹಾಕಿ ಬಿಸಿ ಮಾಡಿದರೆ ಇಟ್ಟಿಗೆ ಬಣ್ಣದ ಕ್ಯುಪ್ರಸ್ ಆಕ್ಸೈಡ್. ಸಕ್ಕರೆ ಹಾಕಿದರೆ ನೀಲಿ ಹಾಗೇ ಇರುತ್ತದೆ. ಅದೇ ಸಕ್ಕರೆಯನ್ನು ಸ್ವಲ್ಪ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಜೊತೆ ಕುದಿಸಿ, ಕ್ಷಾರ ಹಾಕಿ ಆಸಿಡ್ ಕಳೆದು ಮತ್ತೆ ನೋಡಿದರೆ ಕೆಂಪು. ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಯಿತು. ಹಾಲಿಗೆ ಕ್ಷಾರ ಸೇರಿಸಿ ಎರಡು ಹನಿ ಮೈಲುತುತ್ತ ಬಿಟ್ಟರೆ ನೇರಳೆ ಬಣ್ಣ, ಪ್ರೋಟೀನ್ ಇದೆ ಎಂದರ್ಥ. ಬಯೋಮಾಲಿಕ್ಯೂಲ್ಸ್ ಪಾಠ ಅಲ್ಲಿಗೆ ಮುಕ್ಕಾಲು ಮುಗಿದ ಹಾಗೆ.

ಎಲ್ಲ ಪಾಠಕ್ಕೂ ಇದು ಹೊಂದುವುದಿಲ್ಲ. ಕೈನೆಟಿಕ್ಸ್‌ಗೆ ಥಯೋಸಲ್ಫೇಟ್ ಮತ್ತು ಆಸಿಡ್ ಒಳ್ಳೆಯದು. ಹಾಳೆಯ ಮೇಲಿನ ಗುರುತು ಗಂಧಕದ ಮಬ್ಬಿನಲ್ಲಿ ಮರೆಯಾಗುವ ಹೊತ್ತನ್ನು ಮಕ್ಕಳು ಮೊಬೈಲಿನಲ್ಲೇ ಅಳೆಯುತ್ತಾರೆ. ಎಸ್‌ಎನ್ 1, ಎಸ್‌ಎನ್ 2 ಎಂಬ ಹ್ಯಾಲೋಆಲ್ಕೇನ್ ಕ್ರಿಯೆಗಳಿಗೆ ಪೇಪರ್, ಪೆನ್ಸಿಲ್, ತಾಳ್ಮೆ ಬಿಟ್ಟರೆ ಬೇರೆ ಉಪಾಯವಿಲ್ಲ. ಸುಮ್ನೆ ಎಲ್ಲವನ್ನೂ ತಾಮ್ರಕ್ಕೆ ಎಳೆದು ತರಬಾರದು.

ಇದನ್ನು ಮಾಡಿ ನೋಡುವ ಶಿಕ್ಷಕರಿಗೆ ಒಂದು ಮಾತು. ಮೈಲುತುತ್ತ ವಿಷ. ಮಕ್ಕಳು ಕೈ ತೊಳೆಯದೆ ಊಟದ ಡಬ್ಬಿ ಮುಟ್ಟದಂತೆ ನೋಡಿಕೊಳ್ಳಿ. ಅಡುಗೆಮನೆಯ ಪಾತ್ರೆ ಲ್ಯಾಬಿಗೆ ತರಬೇಡಿ, ಲ್ಯಾಬಿನದ್ದು ಅಡುಗೆಮನೆಗೆ ಹೋಗಬಾರದು. ಉಳಿದ ನೀಲಿ ನೀರನ್ನು ಸಿಂಕಿಗೆ ಚೆಲ್ಲಬೇಡಿ. ನಾವು ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕೂಡಿಡುತ್ತೇವೆ. ವರ್ಷದ ಕೊನೆಗೆ ಅದರಲ್ಲಿ ಹಳೇ ಕಬ್ಬಿಣದ ಮೊಳೆ ಹಾಕಿ ಬಿಟ್ಟರೆ ತಾಮ್ರ ಪುಡಿಯಾಗಿ ತಳಕ್ಕೆ ಕೂರುತ್ತದೆ, ನೀರಿನ ನೀಲಿ ಹೋಗುತ್ತದೆ. ಉಳಿದ ನೀರಿಗೆ ಸುಣ್ಣ ಹಾಕಿ, ತಿಳಿಯಾದ ಮೇಲೆ ಗಷ್ಟನ್ನು ಬೇರೆ ಮಾಡಿ ಮುಚ್ಚಿಡುತ್ತೇವೆ. ಡ್ರಮ್ಮಿಗೆ ಮೊಳೆ ಹಾಕುವ ಕೆಲಸ ಫಸ್ಟ್ ಪಿಯುಸಿ ಮಕ್ಕಳದು. ಏನಾಗುತ್ತಿದೆ ಎಂದು ಅವರಿಗೆ ಬಿಡಿಸಿ ಹೇಳುವವರು ಸೆಕೆಂಡ್ ಪಿಯುಸಿಯವರು.